ದುರುಗೇಶ ಮಾಮ ಹೊಳ್ಳಿ ಓಡಿದ ಬೇಸಿಗೆ

ಆ ದಿನಗಳಲ್ಲಿ ಹಿರೇಕೊಟ್ನೆಕಲ್ಲಿನ ನಮಗೆ ನೆಲ್ಲು ಕೊಯ್ದ ಗದ್ದೆಗಳೇ ಆಟದ ಬಯಲು. ಬರಿಗಾಲಿಗೆ ಕೂಳೆ ಚುಚ್ಚುತ್ತಿತ್ತು, ಸುಟ್ಟ ಹುಲ್ಲಿನ ವಾಸನೆ ನನ್ನ ಫ್ರಾಕಿನ ಜೊತೆ ಮನೆಗೆ ಬರುತ್ತಿತ್ತು. ನನಗೆ ಹತ್ತು ವರ್ಷವಾಗಿದ್ದಾಗ, ಅಂಥ ಒಂದು ಬೇಸಿಗೆಯಲ್ಲಿ, ಅವ್ವನ ತಮ್ಮ ದುರುಗೇಶ ಮಾಮ ಕೋಲೂರಿಕೊಂಡು ಬಸ್ಸಿನಿಂದ ಇಳಿದ.

ಮಾಮ ಗೋವಾದ ಒಂದು ಕ್ಲಬ್ಬಿಗೆ ಫುಟ್‌ಬಾಲ್ ಆಡುತ್ತಿದ್ದ. ಡಿಫೆಂಡರ್. ಕೂಲಿ ಮಾಡುವ ಮನೆಯಿಂದ ಹೋಗಿ ಆಟವನ್ನೇ ನೌಕರಿ ಮಾಡಿಕೊಂಡವನು ನಮ್ಮ ಕೇರಿಯಲ್ಲಿ ಅವನೊಬ್ಬನೇ. ಎಡ ಮೊಣಕಾಲಿಗೆ ಆಪರೇಷನ್ ಆಗಿತ್ತು. ಬೇಸಿಗೆ ಮುಗಿಯುವುದರೊಳಗೆ ಓಡದಿದ್ದರೆ ಬೇರೊಬ್ಬನನ್ನು ನೋಡಿಕೊಳ್ಳುತ್ತೇವೆ ಎಂದು ಕ್ಲಬ್ಬಿನವರು ಹೇಳಿ ಕಳಿಸಿದ್ದರು.

ಅಜ್ಜಿ ದಿನಾ ಮುಂಜಾನೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಆ ಮೊಣಕಾಲಿಗೆ ತಿಕ್ಕುತ್ತಿದ್ದಳು. ಆಮೇಲೆ ಮಾಮ ನನ್ನನ್ನು ಗದ್ದೆಗೆ ಕರೆದೊಯ್ದು, "ಚೆಂಡು ತಗೊಂಡು ನನ್ನ ದಾಟಿ ಹೋಗು, ನೋಡೂಣು" ಎನ್ನುತ್ತಿದ್ದ. ನಾನು ಎಡಕ್ಕೂ ಬಲಕ್ಕೂ ಹೊರಳಾಡುತ್ತಿದ್ದೆ. ಅವನು ಕುಂಟುತ್ತಲೇ ಹಿಂದಕ್ಕೆ ಸರಿಯುತ್ತಿದ್ದ. ಒಮ್ಮೆಯೂ ದಾಟಲಾಗಲಿಲ್ಲ.

"ಮಾಮಾ, ನಾ ಯಾ ಕಡಿ ಹೊಂಟೀನಂತ ನಿನಗ ಹೆಂಗ ಗೊತ್ತಾಗತದ?"

"ಕಾಲು ಸುಳ್ಳು ಹೇಳ್ತಾವವ್ವಾ, ನಡಾ ಹೇಳಂಗಿಲ್ಲ. ನಾ ನಿನ್ನ ನಡಾನ ನೋಡಾಕತ್ತೀನಿ."

ಎರಡು ತಿಂಗಳಿಗೆ ಕೋಲು ಬಿಟ್ಟ. ಅವನು ಹೊರಡಬೇಕಿದ್ದ ವಾರ ಸಿರವಾರದವರು ಪಂದ್ಯಕ್ಕೆ ಬಂದರು. ಮಾಮ ತಾನೂ ಇಳಿಯುತ್ತೇನೆಂದಾಗ ಅಜ್ಜಿ ಅಡ್ಡ ನಿಂತಳು.

"ಬ್ಯಾಡೋ ಯಪ್ಪಾ, ಹೊಳ್ಳಿ ಮುರದೀತು."

"ಇಲ್ಲಿ ಮುರದ್ರ ನೀ ಅದಿ ಬೇ. ಅಲ್ಲಿ ಮುರದ್ರ ಯಾರದಾರ?"

ಅಜ್ಜಿ ಬದುವಿನ ಮೇಲೆ ಬಂದು ಕುಳಿತಳು.

ಇನ್ನೇನು ಆಟ ಮುಗಿಯಬೇಕು, ನಾವು ಒಂದು ಗೋಲಿನಿಂದ ಮುಂದಿದ್ದೆವು. ಸಿರವಾರದ ಉದ್ದ ಕಾಲಿನ ಹುಡುಗನೊಬ್ಬ ಚೆಂಡು ಹಿಡಿದು ಎಲ್ಲರನ್ನೂ ದಾಟಿ ಬಂದ. ಗೋಲ್‌ಕೀಪರನ ಮುಂದೆ ಉಳಿದವನು ಮಾಮನೊಬ್ಬನೇ. "ಕಾಲು ಹಾಕಲೇ ದುರುಗ್ಯಾ!" ಎಂದು ಬದುವಿನ ತುಂಬ ಕೂಗು. ಮಾಮ ಹಾಕಲಿಲ್ಲ. ಸುಮ್ಮನೆ ಹಿಂದಕ್ಕೆ ಸರಿಯುತ್ತ ಬಂದ. ಹುಡುಗ ಬೇಕೆಂದೇ ಅವನ ಎಡಗಾಲಿನ ಕಡೆ ಹೊರಳಿದ. ಚೆಂಡು ಪಾದದಿಂದ ಒಂದು ಗೇಣು ಮುಂದೆ ಉರುಳಿತು, ಅಷ್ಟೇ. ಮಾಮ ಆ ಕೊಯ್ದ ಕಾಲಿನ ಮೇಲೆಯೇ ಪೂರ್ತಿ ಭಾರ ಹಾಕಿ ತಿರುಗಿ, ನೆಲಕ್ಕೆ ಜಾರಿ, ಹುಡುಗನ ಮೈಗೆ ಒಂದಿಷ್ಟೂ ತಾಕದಂತೆ ಚೆಂಡು ಕಸಿದುಬಿಟ್ಟ. ಆ ಹುಡುಗ ಇನ್ನೆರಡು ಹೆಜ್ಜೆ ಓಡಿದ ಮೇಲೆಯೇ ಅವನಿಗೆ ಚೆಂಡಿಲ್ಲವೆಂದು ಗೊತ್ತಾದದ್ದು.

ಮಾಮ ಧೂಳಿನಲ್ಲೇ ಕುಳಿತಿದ್ದ. ಓಡಿ ಹೋದೆ.

"ನೋವಾತೇನು ಮಾಮಾ?"

"ಇಲ್ಲವ್ವಾ." ಅವನ ಕಣ್ಣು ತುಂಬಿದ್ದವು. "ಕಾಲು ನನ್ನ ಮಾತು ಕೇಳ್ತು."

ಆಮೇಲೆ ಎರಡೂ ಊರಿನವರು ಕೂಡಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿಂದರು. ಆ ಹುಡುಗ ಮೊದಲ ಮಿರ್ಚಿಯನ್ನು ಮಾಮನ ಕೈಗೇ ಇಟ್ಟ.

ಮಾಮ ಹೋದ, ಇನ್ನೂ ಆರು ವರ್ಷ ಆಡಿದ. ಟೀವಿಯಲ್ಲಿ ಪಂದ್ಯ ಬಂದರೆ ಅಜ್ಜಿ ಪರದೆಯ ಮುಂದೆಯೇ ಕೂರುತ್ತಿದ್ದಳು. "ಗೋಲ್ ಹೊಡ್ದವರನ್ನ ತೋರಸ್ತಾರ, ನನ್ನ ಮಗನ ಮಾರಿ ಒಂದೀಟು ತೋರ್ಸವಲ್ರು" ಎಂದು ಬೈಯುತ್ತಿದ್ದಳು.

ಈಗ ಅವನು ರಾಯಚೂರಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾನೆ. ಆ ಗದ್ದೆ ಪ್ಲಾಟುಗಳಾಗಿದೆ. ಇಂದಿನ ಪಂದ್ಯಗಳನ್ನು ಮೊಬೈಲಿನಲ್ಲಿ ಎಷ್ಟು ಸಲ ಬೇಕಾದರೂ ತಿರುಗಿಸಿ ನೋಡಬಹುದು. ಅಂದು ನಡೆದದ್ದನ್ನು ಮಾತ್ರ ಯಾರೂ ಹಿಡಿದಿಡಲಿಲ್ಲ. ಕಣ್ಣಾರೆ ಕಂಡವರಲ್ಲಿ ಅಜ್ಜಿ ಹೋದಳು, ಇನ್ನೂ ಎಷ್ಟೋ ಜನ ಹೋದರು. ಉಳಿದ ನಾವು ಕೆಲವರೂ ಹೋದ ಮೇಲೆ, ಅದು ನಡೆದೇ ಇಲ್ಲದ ಹಾಗೆ.