ಮೈಕಿನಕ್ಕನ ಮಂಡಿಕೀಲು

ಬೇರೆ ಮನೆಗಳಲ್ಲಿ ಪೊರಕೆ, ಒಡಕು ಬಕೆಟ್ಟು ಇಡುವ ಮೆಟ್ಟಿಲಡಿಯ ಜಾಗದಲ್ಲಿ ಬಸ್ ಡ್ರೈವರನ ಮನೆಯಲ್ಲಿ ಒಂದು ಸಾಮ್ರಾಜ್ಯವಿತ್ತು. ಹಳೆಯ ಮೇಜೇ ಸಿಂಹಾಸನ. ಅದರ ಮೇಲೆ ವಿರಾಜಮಾನವಾಗಿದ್ದದ್ದು ಒಂದು ಪುಟ್ಟ ಮಿಲ್ಲಿಂಗ್ ಮಷೀನು. ಹಲಗೆಯ ಮೇಲೆ ಉಕ್ಕಿನ ತುಂಡು ಬಿಗಿದು, ಹಿಡಿ ತಿರುಗಿಸಿ ಹಲಗೆಯನ್ನು ಸರಿಸುತ್ತಾ ಹೋದರೆ, ಮೇಲೆ ಗಿರಗಿರ ತಿರುಗುವ ಕಟ್ಟರು ಉಕ್ಕನ್ನು ಬೆಣ್ಣೆಯಂತೆ ಕೆತ್ತುತ್ತಿತ್ತು. ಡ್ಯೂಟಿ ಮುಗಿಸಿದ ಮಹಾರಾಜರು ಬನಿಯನ್ನಿನಲ್ಲೇ ತಲೆ ತಗ್ಗಿಸಿ ಒಳಗೆ ಪ್ರವೇಶಿಸುತ್ತಿದ್ದರು. ತಗ್ಗಿಸುವುದನ್ನು ಮರೆತ ದಿನ ಮೆಟ್ಟಿಲೇ ನೆನಪಿಸುತ್ತಿತ್ತು.

ಆ ಸಾಮ್ರಾಜ್ಯದಿಂದ ಅಲ್ಲಿಯವರೆಗೆ ಹೊರಬಂದದ್ದು ಹಲ್ಲುಜ್ಜುವ ಬ್ರಷ್ಷಿಗೊಂದು ಸ್ಟ್ಯಾಂಡು. ಕಳ್ಳನ ತಲೆಗೆ ಹಾಕಿದರೆ ಕೊಲೆ ಕೇಸಾಗುವಷ್ಟು ಭಾರ.

"ಅದಕ್ಕೆ ದಿನಾ ಎಣ್ಣೆ ಕುಡಿಸ್ತೀರಿ, ನನ್ನ ಹೊಲಿಗೆ ಮಷೀನು ಕೀಚ್ ಕೀಚ್ ಅಂತ ಅಳ್ತಿದ್ರೆ ಕಿವಿಗೇ ಬೀಳಲ್ಲ" ಎಂದು ಹೆಂಡತಿ ಆಗಾಗ ಬಂಡಾಯ ಏಳುತ್ತಿದ್ದಳು. ಸಾಮ್ರಾಟರು ಕೆಮ್ಮಿ, ಎಣ್ಣೆಯ ಡಬ್ಬಿಯನ್ನು ಬೆನ್ನ ಹಿಂದೆ ಸರಿಸುತ್ತಿದ್ದರು.

ಹೀಗಿರಲು, ಡ್ರೈವರನ ಅಕ್ಕ ಬಿದ್ದಳು.

ಅಕ್ಕ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗಿ ಹೇಳುವವಳು, ಊರಿಗೆಲ್ಲ ಮೈಕಿನಕ್ಕ. ಚಿಕ್ಕಂದಿನಲ್ಲೇ ಸೋತ ಎಡಗಾಲಿಗೆ ಕ್ಯಾಲಿಪರ್ ಎಂಬ ಕಬ್ಬಿಣದ ಆಸರೆ ಕಟ್ಟಿಕೊಂಡು, ಏಣಿಯಂಥ ಮೆಟ್ಟಿಲು ಹತ್ತಿ, ಗೂಡಿನಂಥ ಕೋಣೆಯಲ್ಲಿ ಕೂತು ಬಸ್ಸುಗಳನ್ನು ಆಳುತ್ತಿದ್ದಳು. ಆ ಕ್ಯಾಲಿಪರಿನ ಮಂಡಿಕೀಲು ಸವೆದು, ಒಂದು ಬೆಳಿಗ್ಗೆ ಮೆಟ್ಟಿಲ ನಡುವೆ ಕೈಕೊಟ್ಟಿತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಅವಳ ಕುರ್ಚಿಯಲ್ಲಿ ನಿಲ್ದಾಣದ ಸಾಹೇಬರು ಧ್ವನಿಮುದ್ರಿಕೆಯ ಒಂದು ಡಬ್ಬಿ ತಂದಿಟ್ಟರು. "ಸೋಮವಾರ ನೀವೇ ಮೆಟ್ಟಿಲು ಹತ್ತಿ ಬಂದ್ರೆ ಕುರ್ಚಿ ನಿಮ್ದು. ಇಲ್ದಿದ್ರೆ ಡಬ್ಬಿದು" ಎಂದರು. ಆ ಡಬ್ಬಿಯೋ, ಹೊರಟುಹೋದ ಬಸ್ಸು ಹೊರಡಲಿದೆ ಎಂದು ಸಾರುತ್ತಿತ್ತು. ಕ್ಯಾಲಿಪರ್ ಮಾಡಿದವರು ಅಂಗಡಿ ಮುಚ್ಚಿ ಯಾವ ಕಾಲವಾಗಿತ್ತೋ.

"ನಾನು ಮಾಡ್ಕೊಡ್ತೀನಿ ಅಕ್ಕಾ" ಎಂದ ತಮ್ಮ.

"ಬ್ರಷ್ ಸ್ಟ್ಯಾಂಡಿನ ಹಾಗೆ ಮಾಡ್ಬೇಡ ಕಣೋ. ನಾನು ಅದನ್ನ ಹೊತ್ಕೊಂಡು ನಡೀಬೇಕು."

ಮಾಡುವುದೇನೋ ಸರಿ, ಮಷೀನಿಗೂ ಸವೆತದ ಕಾಯಿಲೆ ಇತ್ತು. ಹಲಗೆಯನ್ನು ಸರಿಸುವ ಉದ್ದನೆಯ ಸ್ಕ್ರೂ ಒಂದು ಹಿತ್ತಾಳೆಯ ನಟ್ಟಿನೊಳಗೆ ಓಡಾಡುತ್ತದೆ. ಆ ನಟ್ಟಿನೊಳಗಿನ ಸುರುಳಿ ಥ್ರೆಡ್ಡು ಸವೆದು ಸಡಿಲವಾಗಿತ್ತು. ಸರಿಸುವ ದಿಕ್ಕು ಬದಲಿಸಿದಾಗೆಲ್ಲ ಹಿಡಿ ಅರ್ಧ ಸುತ್ತು ಸುಮ್ಮನೆ ತಿರುಗಿ, ಆಮೇಲಷ್ಟೇ ಹಲಗೆ ಅಲುಗುತ್ತಿತ್ತು. ಡ್ರೈವರನಿಗೆ ಅದು ಹೊಸದೇನಲ್ಲ. ಅವನ ಬಸ್ಸಿನ ಸ್ಟೀರಿಂಗಿನಲ್ಲೂ ಅಂಥದೇ ಆಟ. ಆದರೆ ರಸ್ತೆ ಅಗಲವಾಗಿರುತ್ತದೆ, ಆಟ ಸಹಿಸುತ್ತದೆ, ಮಂಡಿ ಸಹಿಸುವುದಿಲ್ಲ.

ಮೊದಲು ನಟ್ಟು ಬದಲಾಗಬೇಕಿತ್ತು. ಗಟ್ಟಿ ಪ್ಲಾಸ್ಟಿಕ್ಕಿನ ತುಂಡಿಗೆ ತೂತು ಕೊರೆದು, ಎರಡು ಹೋಳು ಮಾಡಿ, ಅಡುಗೆಮನೆಯ ಕಿಟಕಿ ತೆರೆದಿಟ್ಟು ಸ್ಕ್ರೂವನ್ನು ಒಲೆಯ ಮೇಲೆ ಕಾಯಿಸಿದ.

"ರೀ, ಅನ್ನ ಇಡೋ ಒಲೇಲಿ ಏನ್ರೀ ಬೇಯಿಸ್ತಿದ್ದೀರಿ?"

"ನಿನ್ನ ಅತ್ತಿಗೆ ಕಾಲು ಕಣೇ."

ಬಿಸಿ ಸ್ಕ್ರೂವನ್ನು ಎರಡು ಹೋಳುಗಳ ನಡುವೆ ಇಟ್ಟು ವೈಸಿನ ಇಕ್ಕಳದಲ್ಲಿ ಬಿಗಿದು, ಪ್ಲಾಸ್ಟಿಕ್ಕು ಮೆತ್ತಗಾಗಿ ಅಚ್ಚು ಹಿಡಿಯಲೆಂದು ಕಾದ. ಆರಿದ ಮೇಲೆ ಬಿಚ್ಚಿದರೆ, ಅಬ್ಬಾ! ಸ್ಕ್ರೂ ತನಗೆ ಬೇಕಾದ ಜೋಡಿಯನ್ನು ತಾನೇ ಅಚ್ಚೊತ್ತಿಕೊಂಡಿತ್ತು, ಒಂದೊಂದು ಥ್ರೆಡ್ಡೂ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ. ಜೋಡಿಸಿ ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ, ಹಲಗೆಯೂ ಕೂದಲೆಳೆಯಷ್ಟೇ ಸರಿಯಿತು. ಹಿಂದಕ್ಕೆ ತಿರುಗಿಸಿದ, ಹಿಂದಕ್ಕೂ ಅಷ್ಟೇ. ಹೆಂಡತಿಯನ್ನು ಕೂಗಿ ತೋರಿಸಿದ. ಅವಳೂ ಒಮ್ಮೆ ತಿರುಗಿಸಿ, "ಅಯ್ಯೋ, ಹೇಳಿದ ಮಾತು ಕೇಳುತ್ತಲ್ರೀ!" ಎಂದು ಬೆರಗಾಗಿ, ಗಂಡನ ಮುಖವನ್ನೊಮ್ಮೆ ಅರ್ಥಪೂರ್ಣವಾಗಿ ನೋಡಿ ಹೋದಳು.

ಇನ್ನೇನು, ದಿಗ್ವಿಜಯ. ಕೈಯಲ್ಲಿದ್ದದ್ದು ಎರಡು ಒಳ್ಳೆಯ ಉಕ್ಕಿನ ತುಂಡು. ಕ್ಯಾಲಿಪರಿನ ಕೆಳಪಟ್ಟಿಯ ತುದಿ, ಅಂದರೆ ಕೀಲಿನ ನಾಲಿಗೆ, ಕೂರುವ ಸೀಳನ್ನು ಒಂದರಲ್ಲಿ ಕೆತ್ತಬೇಕು. ಸೀಳು ಚೂರು ಅಗಲವಾದರೂ ಮಂಡಿ ಮತ್ತೆ ಕೈಕೊಡುತ್ತದೆ. ನಡುವೆ ಕೆತ್ತಿದ, ಬಲಕ್ಕೆ ಚೂರು ಸವರಿದ. ಎಡಕ್ಕೆ ದಿಕ್ಕು ಬದಲಿಸಿದಾಗ ಅವನ ಕೈ, ಅವನನ್ನು ಒಂದು ಮಾತೂ ಕೇಳದೆ, ಹಳೆಯ ವಾಡಿಕೆಯಂತೆ ಅರ್ಧ ಸುತ್ತು ಹೆಚ್ಚಿಗೆ ಕೊಟ್ಟಿತು. ಈಗ ಮಷೀನು ಕೊಟ್ಟದ್ದನ್ನೆಲ್ಲ ಸ್ವೀಕರಿಸುತ್ತಿತ್ತು. ಕರ್ರ್! ನಾಲಿಗೆ ಆ ಸೀಳಿನಲ್ಲಿ ಬಾವಿಗೆ ಬಿದ್ದ ಚೊಂಬಿನಂತೆ ಗಡಗಡಿಸಿತು.

ಉಳಿದದ್ದು ಒಂದೇ ತುಂಡು, ಭಾನುವಾರದ ಮಧ್ಯಾಹ್ನ. ಅವನು ಅಂಗೈ ನೋಡಿಕೊಳ್ಳುತ್ತಾ ಕೂತ.

ಬಿದ್ದಂದಿನಿಂದ ತಮ್ಮನ ಮನೆಯಲ್ಲೇ ಇದ್ದ ಅಕ್ಕ ನಡುಮನೆಯ ಕುರ್ಚಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. "ಜಾಗ ಬಿಡೋ."

"ನಿಂಗೆ ಬರಲ್ಲ ಅಕ್ಕಾ."

"ಅದಕ್ಕೇ ಹೇಳ್ತಿರೋದು. ನಿನ್ನ ಕೈ ಅತಿ ಕಲ್ತುಬಿಟ್ಟಿದೆ. ನಂಗೇನೂ ಗೊತ್ತಿಲ್ಲ. ಹಿಡಿ ಮೇಲಿರೋ ಗೆರೆಗಳಲ್ಲಿ ಎಷ್ಟು ಅಂತ ನೀನು ಹೇಳು, ಅಷ್ಟೇ ತಿರುಗಿಸ್ತೀನಿ. ಕೊಟ್ಟಿದ್ದನ್ನ ಕೊಟ್ಟಷ್ಟೇ ಹೇಳೋದು, ಒಂದಕ್ಷರ ಸೇರಿಸ್ದೆ, ಒಂದಕ್ಷರ ಬಿಡ್ದೆ. ಅದೇ ಅಲ್ವೇನೋ ನನ್ನ ಕಸುಬು?"

ಮೇಜನ್ನು ಹೊರಗೆಳೆದು ಅವಳ ಕುರ್ಚಿಗೆ ತಾಗಿಸಿದ್ದಾಯಿತು. ಡ್ರೈವರನು ತನ್ನ ಕೈಗಳನ್ನು ನಂಬದೆ ಬೆನ್ನ ಹಿಂದೆ ಕಟ್ಟಿಕೊಂಡ.

"ಎರಡು ಗೆರೆ." ಎರಡು. "ಇನ್ನೊಂದು." ಒಂದು. "ಈಗ ಹಿಂದಕ್ಕೆ, ಮೂರು." ಮೂರೇ. ಅವಳ ಬೆರಳು ಹಿಂಜರಿಯಲಿಲ್ಲ, ಮುನ್ನುಗ್ಗಲೂ ಇಲ್ಲ. ಉಕ್ಕಿನ ಎಳೆಗಳು ಬೆಳ್ಳಿಯ ಗುಂಗುರು ಕೂದಲಿನಂತೆ ಸುರುಳಿಯಾಗಿ ಸೀರೆಯ ಮಡಿಲಿಗೆ ಉದುರಿದವು. ಅವನು ಬಾಯಿ ತೆರೆದು ನಿಂತಿದ್ದ. ಅಕ್ಕ ತನ್ನ ಮಂಡಿಯನ್ನು ತಾನೇ ಕಡೆಯುತ್ತಿದ್ದಳು.

ನಾಲಿಗೆ ಸೀಳಿನೊಳಗೆ ಉಸಿರಿನಷ್ಟು ಮೆತ್ತಗೆ ಇಳಿಯಿತು. ಅಲ್ಲಾಡಿಸಿದರೆ ಸದ್ದಿಲ್ಲ.

ಸೋಮವಾರ ಬೆಳಿಗ್ಗೆ ಮೈಕಿನಕ್ಕ ಏಣಿಯಂಥ ಮೆಟ್ಟಿಲ ಬುಡದಲ್ಲಿ ನಿಂತು, ಹೊಸ ಕೀಲು ಕೂರಿಸಿದ ಕ್ಯಾಲಿಪರಿನ ಬೀಗವನ್ನು ಮಂಡಿ ಮಡಚದಂತೆ ಬೀಳಿಸಿ, ಹತ್ತತೊಡಗಿದಳು. ಬೀಳುವವಳನ್ನು ಹಿಡಿಯಲೆಂದು ತಮ್ಮ ಕೆಳಗೆ ಎರಡೂ ಕೈ ಚಾಚಿ ನಿಂತಿದ್ದ. ಕೈಗಳಿಗೆ ಕೆಲಸವೇ ಬೀಳಲಿಲ್ಲ. ಬಾಗಿಲು ಮುಚ್ಚಿತು. ಡಬ್ಬಿಯ ಧ್ವನಿ ಮಾತಿನ ನಡುವೆಯೇ ಕಡಿದುಹೋಯಿತು. ಆಮೇಲೆ ಇಡೀ ನಿಲ್ದಾಣ ಕೇಳುವಂತೆ ಮೈಕು ಮೊಳಗಿತು:

"ಪ್ರಯಾಣಿಕರ ಗಮನಕ್ಕೆ. ಹೊರಡಬೇಕಾದ ಬಸ್ಸೊಂದು ಹೊರಟಿಲ್ಲ. ಅದರ ಡ್ರೈವರ್ ನನ್ನ ಮೆಟ್ಟಿಲ ಕೆಳಗೆ ಕೈ ಚಾಚಿ ನಿಂತಿದ್ದಾರೆ. ದಯವಿಟ್ಟು ಯಾರಾದರೂ ಅವರನ್ನು ಬಸ್ಸಿಗೆ ಹತ್ತಿಸಿ."