ಚರ್ಚಿನಿಂದ ನಲವತ್ತೊಂದು ಹೆಜ್ಜೆ

ಫೋಟೊದಲ್ಲಿ ಆ ಚರ್ಚು ನನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕದಾಗಿತ್ತು. ಬಿಳಿ ಛಾವಣಿ, ಸಮುದ್ರದ ಕಡೆಗೆ ಚಾಚಿದ ಪುಟ್ಟ ಮುಖಮಂಟಪ, ಸುತ್ತ ತೆಂಗಿನ ಮರಗಳ ಚುಕ್ಕೆಗಳು. ಯುದ್ಧದ ಕಾಲದಲ್ಲಿ ವಿಮಾನದಿಂದ ತೆಗೆದ ಚಿತ್ರ. ಕೆಲವು ತಿಂಗಳ ನಂತರ ತೆಗೆದ ಇನ್ನೊಂದರಲ್ಲಿ ಚರ್ಚಿಲ್ಲ, ಮರಗಳಿಲ್ಲ. ದ್ವೀಪದ ಈ ತುದಿಯಿಂದ ಆ ತುದಿಗೆ ಸುಣ್ಣದಲ್ಲಿ ಗೆರೆ ಎಳೆದ ಹಾಗೆ ರನ್‌ವೇ ಇದೆ.

ಹ್ಯೂಸ್ಟನ್ನಿನ ಸಣ್ಣ ಕಂಪನಿಯೊಂದರಲ್ಲಿ ನನ್ನ ಕೆಲಸ ಜಾಗಗಳ ಚರಿತ್ರೆ ಬರೆಯುವುದು. ಹಳೆಯ ಜಾಗವನ್ನು ಕೊಳ್ಳುವವರಿಗೆ ಅಲ್ಲಿ ಮೊದಲು ಏನಿತ್ತು, ಮಣ್ಣಿನಲ್ಲಿ ಏನು ಉಳಿದಿದೆ ಎಂದು ತಿಳಿಯಬೇಕಾಗುತ್ತದೆ. ಬಹುಪಾಲು ಪೆಟ್ರೋಲ್ ಬಂಕುಗಳು, ಡ್ರೈಕ್ಲೀನಿಂಗ್ ಅಂಗಡಿಗಳು. ಆಸ್ಟಿನ್ನಿನಲ್ಲಿ ಭೂವಿಜ್ಞಾನ ಓದಿ ಬಂದವಳಿಗೆ ಬೇಸರ ಹುಟ್ಟಿಸುವ ಕೆಲಸ. ಆದ್ದರಿಂದ ಪೆಸಿಫಿಕ್ ಸಾಗರದ ಒಂದು ದೂರದ ದ್ವೀಪದಲ್ಲಿ ಪಾಳುಬಿದ್ದ ಮಿಲಿಟರಿ ವಿಮಾನ ನಿಲ್ದಾಣದ ಫೈಲು ಬಂದಾಗ ನಾನು ಖುಷಿಪಟ್ಟಿದ್ದೆ. ಯಾವುದೋ ಸಂಸ್ಥೆ ಅಲ್ಲಿ ಮತ್ತೆ ವಿಮಾನ ಇಳಿಸಲು ಹೊರಟಿತ್ತು.

ಹವಳದ ಕಲ್ಲನ್ನು ಪುಡಿಮಾಡಿ ರನ್‌ವೇ ಹಾಸಿದ್ದು, ಎಷ್ಟು ಪೀಪಾಯಿ ಪೆಟ್ರೋಲ್ ಇಳಿದದ್ದು, ಯುದ್ಧ ಮುಗಿದ ಮೇಲೆ ಎಷ್ಟನ್ನು ಅಲ್ಲೇ ಹೂತು ಹೋದದ್ದು, ಎಲ್ಲವೂ ಕಾಗದಪತ್ರಗಳಲ್ಲಿ ದಿನವಾರು ಇತ್ತು. ಜನರ ಬಗ್ಗೆ ಇದ್ದದ್ದು ಒಂದೇ ಸಾಲು. ಊರನ್ನು ತೆರವು ಮಾಡಿಸಲಾಯಿತು.

ಆ ಜಾಗವನ್ನು ಬಲ್ಲವರೊಬ್ಬರನ್ನಾದರೂ ಮಾತನಾಡಿಸಬೇಕೆಂಬುದು ನಮ್ಮ ಕೆಲಸದ ನಿಯಮ. ಹುಡುಕಿದಾಗ ಡಲ್ಲಾಸ್‌ನಲ್ಲಿ ಒಬ್ಬ ಮುದುಕಿ ಸಿಕ್ಕರು. ಆ ದ್ವೀಪದಲ್ಲೇ ಹುಟ್ಟಿದವರು, ಇಲ್ಲಿ ವೃದ್ಧಾಶ್ರಮದಲ್ಲಿ ಆಯಾ ಆಗಿ ದುಡಿದು ನಿವೃತ್ತರಾದವರು. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ನನ್ನ ಪ್ರಶ್ನೆಗಳಿಗೆಲ್ಲ ಉತ್ತರಿಸಿದ ಮೇಲೆ ಅವರು ತಮ್ಮದೊಂದನ್ನು ಕೇಳಿದರು. ತಾವು ಹುಟ್ಟುವ ಮೊದಲೇ, ಎರಡು ವರ್ಷದವಳಿದ್ದಾಗ ತೀರಿಕೊಂಡ ಅಕ್ಕನನ್ನು ಚರ್ಚಿನ ಬಳಿ ಹೂತಿದ್ದರಂತೆ. ಸಮುದ್ರದ ಕಡೆಯ ಬಾಗಿಲಿನಿಂದ ಹೊರಬಂದು ಎಡಕ್ಕೆ ನಲವತ್ತೊಂದು ಹೆಜ್ಜೆ. ಸೈನಿಕರು ಬೇಲಿ ಹಾಕಿದ ಮೇಲೆ ತಾಯಿಯನ್ನು ಯಾರೂ ಒಳಗೆ ಬಿಡಲಿಲ್ಲ. ಸಾಯುವವರೆಗೂ ಆಕೆ ಈ ಕಿರಿಮಗಳಿಗೆ ಆ ಲೆಕ್ಕವನ್ನು ಬಾಯಿಪಾಠ ಮಾಡಿಸುತ್ತಿದ್ದರಂತೆ.

"ಅವಳು ರನ್‌ವೇ ಕೆಳಗಿದ್ದಾಳೋ, ಹೊರಗಿದ್ದಾಳೋ, ಅಷ್ಟು ಗೊತ್ತಾದರೆ ಸಾಕು" ಎಂದರು.

ನೋಡಿ ಫೋನ್ ಮಾಡುತ್ತೇನೆ ಎಂದು ಮಾತು ಕೊಟ್ಟೆ.

ಎರಡೂ ಚಿತ್ರಗಳಲ್ಲಿ ಬದಲಾಗದೆ ಉಳಿದಿದ್ದ ದಡದ ಬಂಡೆಗಳನ್ನು ಗುರುತು ಹಿಡಿದು ಒಂದರ ಮೇಲೊಂದು ಕೂರಿಸಿದೆ. ಹೆಂಗಸಿನ ಹೆಜ್ಜೆ ಚಿಕ್ಕದಿದ್ದರೂ ದೊಡ್ಡದಿದ್ದರೂ ಒಳಗೊಳ್ಳುವಷ್ಟು ಅಗಲವಾಗಿ ವೃತ್ತ ಎಳೆದೆ. ವೃತ್ತ ಪೂರ್ತಿ ರನ್‌ವೇಯ ಹೊರಗೆ, ಹುಲ್ಲಿನಲ್ಲಿ ಬಿತ್ತು. ಆ ಜಾಗವನ್ನು ಯಾರೂ ಅಗೆದಿರಲಿಲ್ಲ. ಸಂಸ್ಥೆಯ ಹೊಸ ನಕ್ಷೆಯಲ್ಲಿ ಇಂಧನದ ಟ್ಯಾಂಕು ಬರಬೇಕಾದದ್ದು ಸರಿಯಾಗಿ ಅಲ್ಲಿಯೇ. ಇಲ್ಲಿ ಸಮಾಧಿಗಳು ಇರಬಹುದು, ಅಗೆಯುವ ಮುನ್ನ ಪರಿಶೀಲಿಸಬೇಕು ಎಂದು ವರದಿಯಲ್ಲಿ ನಾಲ್ಕು ವಾಕ್ಯದ ಒಂದು ಪ್ಯಾರಾ ಬರೆದು ಬಾಸ್‌ಗೆ ಓದಲು ಕಳಿಸಿದೆ.

ನನ್ನ ಬಾಸ್ ಮೈಸೂರಿನವರು, ಅಮ್ಮನಿಗೆ ದೂರದ ಪರಿಚಯ. ಕೆಲಸ ಕೊಡಿಸಿದವರೂ ಅವರೇ. ಆಫೀಸಿನಲ್ಲಿ ಹೆಸರು ಹಿಡಿದು ಕರೆಯುತ್ತೇನೆ, ಮನೆಯಲ್ಲಿ ಅಂಕಲ್. ಶನಿವಾರ ಊರಾಚೆ ಸೈಪ್ರೆಸ್ ಬಡಾವಣೆಯಲ್ಲಿರುವ ಅವರ ಮನೆಗೆ ಮಧ್ಯಾಹ್ನದ ಊಟಕ್ಕೆ ಹೋಗಿದ್ದೆ.

"ಆ ಪ್ಯಾರಾ ತೆಗೆದುಬಿಡಮ್ಮ" ಎಂದರು, ಸಾರು ಬಡಿಸಿಕೊಳ್ಳುತ್ತಾ.

"ಯಾಕೆ ಅಂಕಲ್, ತಪ್ಪಿದೆಯಾ?"

"ತಪ್ಪಿದ್ರೆ ತಿದ್ದು ಅಂತಿದ್ದೆ. ನಮ್ಮನ್ನ ಕೇಳಿರೋದು ಮಣ್ಣಲ್ಲಿ ಎಣ್ಣೆ ಇದೆಯಾ, ಸೀಸ ಇದೆಯಾ ಅಂತ. ಸತ್ತೋರು ಇದಾರಾ ಅಂತ ಅಲ್ಲ."

"ಟ್ಯಾಂಕ್ ಬರ್ತಿರೋದು ಅಲ್ಲೇ ಅಲ್ವಾ?"

"ಯಾವ ಕಾಲದ ಹೆಜ್ಜೆನೋ ಏನೋ, ಅದೂ ಬಾಯಿಮಾತು! ನಿಮ್ಮಜ್ಜಿ ಹೆಜ್ಜೆ ಎಷ್ಟುದ್ದ ಇತ್ತು ಅಂತ ನೀನು ಹೇಳ್ತೀಯಾ?"

"ರೀ, ಅನ್ನದ ಮುಂದೆ ಕೂತು ಸಮಾಧಿ ಮಾತು ಯಾಕ್ರೀ?" ಎಂದು ಆಂಟಿ ಗದರಿದರು. "ನೋಡಿ, ಹುಡುಗಿ ತಟ್ಟೇಲಿ ಎಲ್ಲ ಹಾಗೇ ಇದೆ. ಇನ್ನೊಂದು ಹಪ್ಪಳ ಹಾಕ್ಲೇನೆ?"

ಅಂಕಲ್ ನಕ್ಕರು. ಅದೇ ನಗೆಯಲ್ಲೇ, "ನಿನ್ನ ಗ್ರೀನ್ ಕಾರ್ಡ್ ಪೇಪರ್ಸ್ ಸೋಮವಾರ ಲಾಯರ್‌ಗೆ ಕಳಿಸ್ಬೇಕು, ನಾನು ಸೈನ್ ಮಾಡೋಕೆ ನೆನಪಿಸು" ಎಂದರು.

ಹೊರಡುವಾಗ ಆಂಟಿ ತಟ್ಟೆ ತಂದರು. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ರವಿಕೆ ಕಣ. ಹೆಣ್ಣುಮಗಳು ಬರಿಗೈಯಲ್ಲಿ ಹೋಗಬಾರದು ಎಂದು ಕುಂಕುಮ ಇಟ್ಟರು. ಅವರ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆದರೆ ನಮ್ಮಲ್ಲಿ ತಾಂಬೂಲ ಬದಲಾಯಿಸಿಕೊಂಡ ಮೇಲೆ ಮಾತು ಮುಗಿಯಿತು ಎಂದು ಅರ್ಥ. ಅಕ್ಕನ ನಿಶ್ಚಿತಾರ್ಥದಲ್ಲಿ ಅದಕ್ಕೆ ಮೊದಲು ಗಂಟೆಗಟ್ಟಲೆ ವಾದಿಸಿದವರು ಆಮೇಲೆ ತುಟಿ ಬಿಚ್ಚದಿದ್ದುದನ್ನು ನಾನೇ ನೋಡಿದ್ದೆ. ಅಂಕಲ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಪ್ಯಾರಾ ಇರಲಿ ಅಂಕಲ್ ಎನ್ನಲು ಅದೊಂದೇ ಹೊತ್ತು ಉಳಿದಿತ್ತು. ಒಡ್ಡಲು ಸೆರಗಿರಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡು, ಬಗ್ಗಿ ನಮಸ್ಕಾರ ಮಾಡಿದೆ.

ಸಂಜೆಯೊಳಗೆ ಪ್ಯಾರಾ ತೆಗೆದು ವರದಿ ಕಳಿಸಿದೆ. ಅದರಲ್ಲಿ ಉಳಿದ ಒಂದೊಂದು ವಾಕ್ಯವೂ ನಿಜ. ಅಷ್ಟು ಅಚ್ಚುಕಟ್ಟಾದ ವರದಿಯನ್ನು ನಾನು ಹಿಂದೆಂದೂ ಬರೆದಿರಲಿಲ್ಲ.

ಹೊರಗಿದ್ದಾಳೆ ಎಂಬ ಒಂದು ಮಾತನ್ನು ಫೋನಿನಲ್ಲಿಯಾದರೂ ಹೇಳಬಹುದಿತ್ತು. ಹೇಳಿದರೆ ಆ ಮುದುಕಿ ಅಲ್ಲಿ ಅಗೆಯಬೇಡಿ ಎಂದು ಸಂಸ್ಥೆಗೆ ಪತ್ರ ಬರೆಯುತ್ತಾರೆ, ಪತ್ರ ಅಂಕಲ್ ಮೇಜಿಗೆ ಬರುತ್ತದೆ. ಇದನ್ನೂ ನಾನು ಲೆಕ್ಕ ಹಾಕಿದ್ದೆ.

ಮರುದಿನ ಭಾನುವಾರ. ಮುದುಕಿ ಪ್ರಾರ್ಥನೆಗೆ ಹೊರಡುವ ಮೊದಲು, ಎಂಟೂವರೆಗೆ, ಫೋನ್ ಮಾಡಿದೆ. ಚಿತ್ರಗಳಿಂದ ಖಚಿತವಾಗಿ ಏನೂ ಹೇಳಲಾಗುವುದಿಲ್ಲ ಎಂದೆ.

"ನೀವು ಚಿತ್ರಗಳನ್ನು ಕಣ್ಣಾರೆ ನೋಡಿದ್ದೀರಲ್ಲ, ನಿಮಗೇನನ್ನಿಸುತ್ತದೆ?" ಎಂದರು.

ನನಗೆ ಗೊತ್ತಿಲ್ಲ ಎಂದೆ. ಇಷ್ಟು ಕಷ್ಟಪಟ್ಟಿರಲ್ಲ, ನಿಮಗೆ ಒಳ್ಳೆಯದಾಗಲಿ ಎಂದರು. ಪರವಾಗಿಲ್ಲ ಎಂದು ಹೇಳಿ, ಅವರು ಇಡುವ ಮೊದಲೇ ಫೋನ್ ಇಟ್ಟೆ.