ಡಾಕ್ಟರ್ ಬರೆದ ಹಾಗೆಯೇ

ಮಮತಾ, ನಿನ್ನ ಮಾತ್ರೆಗಳನ್ನು ಕದ್ದವಳು ನಾನು. ಡಾಕ್ಟರ್ ಹೇಳಿದ್ದಕ್ಕಿಂತ ಬೇಗ ಬೇಗ ಇಳಿಸಿದವಳು ನಿನ್ನ ಅತ್ತಿಗೆಯಾದ ನಾನೇ — ನಿನಗೂ ಹೇಳದೆ, ನಿನ್ನ ಅಣ್ಣನಿಗೂ ಹೇಳದೆ. ನಾಲ್ಕು ವರ್ಷವಾಯಿತು. ಎದುರು ಕೂತು ಹೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದು, ಕಾಫಿ ಬೇಕಾ ಎಂದು ಕೇಳಿ ಎದ್ದುಹೋಗಿದ್ದೇನೆ. ಗುಬ್ಬಿಯ ನಮ್ಮ ಬೀದಿಯಲ್ಲಿ ಬಾಯಿ ಜೋರು ಎಂದು ಹೆಸರಾದವಳಿಗೆ ಇದೊಂದು ಮಾತಿಗೆ ಮಾತ್ರ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕರುಳಿನ ಹುಣ್ಣು ಕೆರಳಿ ನಿನ್ನನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿದಾಗ ಕಾಪಾಡಿದ್ದು ಸ್ಟೀರಾಯ್ಡ್. ಮನೆಗೆ ಕಳಿಸುವಾಗ ಡಾಕ್ಟರ್ ಚೀಟಿ ಬರೆದುಕೊಟ್ಟರು — ದಿನಕ್ಕೆ ಎಂಟು ಮಾತ್ರೆ, ವಾರಕ್ಕೆ ಒಂದೊಂದೇ ಕಡಿಮೆ. ಮೈ ಅದಕ್ಕೆ ಒಗ್ಗಿಹೋಗಿರುತ್ತದೆ, ದಿಢೀರನೆ ನಿಲ್ಲಿಸಬಾರದು ಎಂದು ಬಿಡಿಸಿ ಹೇಳಿದರು. ನೀನು ಸುಸ್ತಾಗಿ ಗೋಡೆಗೊರಗಿ ಕೂತಿದ್ದೆ. ಕೇಳಿಸಿಕೊಂಡವಳು ನಾನು. ಅತ್ತೆ ತೀರಿಕೊಂಡ ಮೇಲೆ ನಿನ್ನ ಚೀಟಿ, ಮಾತ್ರೆ ಎಲ್ಲ ನನ್ನ ಕೈಯಲ್ಲೇ ಇದ್ದವಲ್ಲ. ಪ್ರತಿ ಭಾನುವಾರ ಏಳು ದಿನದ ಡಬ್ಬಿಯನ್ನು ತುಂಬಿಡುತ್ತಿದ್ದೆ.

ಮಾತ್ರೆಗೆ ನಿನ್ನ ಮುಖ ಬನ್ನಿನ ಹಾಗೆ ಊದಿತ್ತು. ಅಷ್ಟರಲ್ಲಿ ಕುಣಿಗಲ್ಲಿನ ಸಂಬಂಧ ಬಂತು. ಹಳೆಯ ಫೋಟೊ ನೋಡಿ ಒಪ್ಪಿದ್ದರು, ತಿಂಗಳೊಳಗೆ ಹೆಣ್ಣು ನೋಡಲು ಬರುತ್ತೇವೆಂದರು. ಕಾಯಿಲೆಯ ವಿಷಯ ಈಗಲೇ ಬೇಡ ಎಂದವಳೂ ನಾನೇ. ಈ ಮುಖ ನೋಡಿದರೆ ಅವರು... ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆಸ್ಪತ್ರೆಯ ಓಡಾಟ, ಗಂಜಿ, ಬಟ್ಟೆ — ನನಗೆ ಸಾಕಾಗಿಹೋಗಿತ್ತು. ನೀನು ಈ ಮನೆ ಬಿಟ್ಟು ಹೋದರೆ ಸಾಕು ಅನ್ನಿಸಿತ್ತು.

ಆ ಭಾನುವಾರ ಆರು ಹಾಕಬೇಕಾದಲ್ಲಿ ಮೂರು ಹಾಕಿದೆ. ಡಬ್ಬಿ ನೋಡಿ, ಇಷ್ಟೇನಾ ಎಂದು ಕೇಳಿದೆ ನೀನು.

"ಫೋನ್ ಮಾಡಿದ್ದೆ ಕಣೇ. ಬೇಗ ಇಳ್ಸಿ ಅಂದ್ರು ಡಾಕ್ಟ್ರು."

ನೀನು ನಂಬಿ ನುಂಗಿದೆ. ಮುಂದಿನ ವಾರ ಒಂದೇ ಒಂದು. ಅದರ ಮುಂದಿನ ವಾರ ಡಬ್ಬಿಯನ್ನು ತೊಳೆದು ಕಪಾಟಿನಲ್ಲಿಟ್ಟೆ.

ಮುಖ ಸ್ವಲ್ಪ ಇಳಿಯಿತು. ಕಾಲು ನೋವು ಶುರುವಾಯಿತು. ಬೆಳಿಗ್ಗೆ ನೆಲಕ್ಕೆ ಕಾಲೂರಿದರೆ ಅಂಗಾಲಿಗೆ ಮೊಳೆ ಹೊಡೆದ ಹಾಗೆ ಎನ್ನುತ್ತಿದ್ದೆ ನೀನು. ಊತವಿಲ್ಲ, ಕೆಂಪಿಲ್ಲ. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದೆ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮುಖಕ್ಕಿಂತ ನಡಿಗೆ ನೋಡುವುದು ಹೆಚ್ಚು. ತಟ್ಟೆ ಹಿಡಿದು ಅಡುಗೆಮನೆಯಿಂದ ನಡುಮನೆಗೆ ಬರುವ ಹತ್ತು ಹೆಜ್ಜೆಯಲ್ಲೇ ತೀರ್ಮಾನ. ಹಾಗಾಗಿ ಎರಡು ದಿನ ನಿನ್ನ ಕೈಗೆ ಖಾಲಿ ತಟ್ಟೆ ಕೊಟ್ಟು ನಡೆಸಿದೆ. ಕುಂಟಿದಾಗಲೆಲ್ಲ ಮತ್ತೆ ಮೊದಲಿನಿಂದ ನಡೆಸಿದೆ — ಇದನ್ನು ನೆನೆದರೆ ನನ್ನ ಕೈ ನನಗೇ ಹೇಸಿಗೆ.

ಅವರು ಬಂದ ದಿನ ನೀನು ಕುಂಟಲಿಲ್ಲ. ಉಪ್ಪಿಟ್ಟು ಕೊಟ್ಟೆ, ಕಾಫಿ ಕೊಟ್ಟೆ, ಹಿರಿಯರ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದೆ. ಅವರ ಕಾರು ಹೊರಟ ಮೇಲೆ ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕೂತು, ಕಣ್ಣಲ್ಲಿ ನೀರು ಸುರಿಸುತ್ತಾ, "ಚೆನ್ನಾಗಿ ನಡುದ್ನಾ ಅತ್ತಿಗೆ?" ಎಂದೆ.

ಮರುದಿನವೇ ತುಮಕೂರಿಗೆ ಹೋದೆವು. ಡಾಕ್ಟರ್ ನಿನ್ನ ಪಾದಗಳನ್ನು ಒತ್ತಿ ನೋಡಿದರು, ಎಕ್ಸ್‌ರೇ ನೋಡಿದರು. ಮಾತ್ರೆ ನಾನು ಬರೆದ ಹಾಗೆಯೇ ಇಳಿಸುತ್ತಿದ್ದೀರಾ ಎಂದು ಕೇಳಿದರು. ನೀನು ನನ್ನತ್ತ ನೋಡಿದೆ.

"ಹೂಂ ಸಾರ್. ನೀವು ಬರೆದ್ ಹಾಗೇ."

ಫೋನಿನಲ್ಲಿ ಬೇಗ ಇಳಿಸಿ ಎಂದವರೂ ಅವರೇ ಎಂದು ನಂಬಿದ್ದ ನೀನು ನನ್ನ ಮಾತಿಗೆ ತಲೆಯಾಡಿಸಿದೆ. ಇಳಿಸಿದ ರೀತಿಯಲ್ಲಿ ತಪ್ಪಿಲ್ಲವೆಂದ ಮೇಲೆ ಅವರು ಬೇರೆ ಕಡೆ ಹುಡುಕಿದರು. ಮೂಳೆಯವರು, ನರದವರು, ಮತ್ತೆ ಮತ್ತೆ ರಕ್ತಪರೀಕ್ಷೆ. ಏನೂ ಸಿಗದಿದ್ದಾಗ ಒಬ್ಬರು ಮನಸ್ಸಿನ ಡಾಕ್ಟರಿಗೆ ಬರೆದುಕೊಟ್ಟರು. ಈ ಮದುವೆ ಬೇಡವೆಂದು ನಾಟಕ ಆಡುತ್ತಿದ್ದಾಳೆ ಎಂದು ನಿನ್ನ ಅಣ್ಣ ಕೂಗಾಡಿದರು. ನಾನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತಲಿಲ್ಲ. ಕುಣಿಗಲ್ಲಿನವರಿಗೆ ಯಾರಿಂದಲೋ ಕಾಯಿಲೆಯ ಸುದ್ದಿ ತಿಳಿದು, ಆ ಮಾತೂ ಮುರಿಯಿತು.

ಹುಣ್ಣು ಮತ್ತೆ ಕೆರಳದಿದ್ದದ್ದು ನಿನ್ನ ಪುಣ್ಯ. ಆದರೆ ಕಾಲು... ನಾನು ಮಾಡಿದ್ದರಿಂದಲೇ ಬಂತೋ, ಬರುವುದೇ ಇತ್ತೋ — ಯಾರಿಗೂ ಗೊತ್ತಿಲ್ಲ. ಗೊತ್ತಾಗಬಹುದಾಗಿದ್ದ ದಿನ ನಾನು ಸುಳ್ಳು ಹೇಳಿದೆ. ನೀನು ಮಕ್ಕಳಿಗೆ ಪಾಠ ಹೇಳುವ ಕೆಲಸ ಬಿಟ್ಟೆ. ಬೀದಿಯ ತುದಿಯ ಅಂಗಡಿಗೂ ಹೋಗಲಾರೆ. ಮೂವತ್ತೊಂದು ವರ್ಷಕ್ಕೆ ಮಂಚದ ಅಂಚಿನಲ್ಲಿ ಕೂತು, ಇಳಿಯಲೋ ಬೇಡವೋ ಎಂದು ನೆಲ ನೋಡುತ್ತೀಯ.

ಸೋಮವಾರ ನಾವು ಹೋಗುವ ಹೊಸ ಡಾಕ್ಟರಿಗೆ ತೋರಿಸಲು, ಯಾವ ವಾರ ಎಷ್ಟು ಮಾತ್ರೆ ತೆಗೆದೆ ಎಂಬುದನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ನಿನ್ನ ಅಣ್ಣನಿಗೂ ಹೇಳುತ್ತೇನೆ. ನನ್ನನ್ನು ಜೊತೆಗೆ ಕರೆದುಕೊಂಡು ಹೋಗುವುದು ಬಿಡುವುದು ನಿನಗೆ ಬಿಟ್ಟಿದ್ದು. ಕ್ಷಮಿಸು ಎಂದು ಕೇಳುವುದಿಲ್ಲ.

ನಿನ್ನೆ ಸಂಜೆ ನಿನ್ನ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದೆ. ನೀನು ಇದ್ದಕ್ಕಿದ್ದಂತೆ, "ನನ್ ನೋವ್ನ ನಂಬಿದ್ದು ನೀವೊಬ್ರೇ ಅತ್ತಿಗೆ," ಎಂದೆ. ನಾನು ನಿನ್ನ ಇನ್ನೊಂದು ಕಾಲನ್ನು ಮಡಿಲಿಗೆ ಎಳೆದುಕೊಂಡೆ.